ಕಪ್ಪೆಕೆರೆಯ ನೊಣಗಳಿಗೇಕೆ ಇಷ್ಟು ಅವಸರ?

ಕಪ್ಪೆಕೆರೆ ಎಂಬ ಕಂಪ್ಯೂಟರ್ ಆಟದ ಸರ್ವರನ್ನು ಹಳೇ ಫ್ಲ್ಯಾಶ್‌ನಿಂದ ಹೊಸ ತಂತ್ರಜ್ಞಾನಕ್ಕೆ ದಾಟಿಸಿದ ಅಭಿಮಾನಿ ಬಳಗದ ಮಾನ್ಯರೇ,

ನಾರಾಯಣಪೇಟೆಯ ಸೀರೆ ಅಂಗಡಿಯ ಚನ್ನವೀರಮ್ಮ ಮಾಡುವ ಶರಣುಗಳನ್ನು ತಾವೆಲ್ಲರೂ, ತಮ್ಮ ಸರ್ವರೂ, ಅದನ್ನು ತಣ್ಣಗಿಡುವ ಫ್ಯಾನೂ ಸಮನಾಗಿ ಹಂಚಿಕೊಳ್ಳಬೇಕಾಗಿ ವಿನಂತಿ.

ಆಟ ಹುಟ್ಟಿಸಿದ ಕಂಪನಿ ಅದನ್ನು ನಡುನೀರಿನಲ್ಲಿ ಬಿಟ್ಟುಹೋದಾಗ ಎತ್ತಿಕೊಂಡು ಸಾಕಿದವರು ತಾವು. ಬ್ರೌಸರುಗಳು ಫ್ಲ್ಯಾಶ್‌ಗೆ ಬಾಗಿಲು ಹಾಕಿದ ಮೇಲೂ ಹಳೇ ಬ್ರೌಸರೊಂದನ್ನು ಹುಡುಕಿಕೊಟ್ಟು ನಮ್ಮ ಕಪ್ಪೆಗಳ ಜೀವ ಉಳಿಸಿದಿರಿ. ಈಗ ಯಾರೂ ಕೇಳದಿದ್ದರೂ ತಮ್ಮ ರಜೆಗಳನ್ನೆಲ್ಲ ಸುರಿದು ಇಡೀ ಕೆರೆಯನ್ನೇ ಹೊಸದಾಗಿ ಬರೆದಿದ್ದೀರಿ. ನೀರು ತಿಳಿಯಾಗಿದೆ, ಕಪ್ಪೆ ನುಣುಪಾಗಿದೆ, ಎಲ್ಲವೂ ಸರಿಯಾಗಿ ನಡೆಯುತ್ತಿದೆ. ನನ್ನ ದೂರು ಅದೇ.

ನಮ್ಮ ಮಗಳು ಶೈಲಜಾಳನ್ನು ಗದ್ವಾಲಕ್ಕೆ ಕೊಟ್ಟಿದ್ದೇವೆ. ಪಂಚಮಿಗೆ ಹೆಣ್ಣುಮಗಳು ತವರಿಗೆ ಬರುವುದು ಪದ್ಧತಿ, ಅದರಲ್ಲಿ ತಕರಾರಿಲ್ಲ. ಆದರೆ ಯಾವಾಗ ಹಿಂದಿರುಗಬೇಕು ಎಂಬುದರ ಮೇಲೆ ನನಗೂ ಬೀಗತಿ ಬುಗ್ಗಮ್ಮನವರಿಗೂ ಮದುವೆಯಾದ ವರ್ಷವೇ ಜಗಳ ಹತ್ತಿ, ಹಿರಿಯರು ಕೂತರೂ ಬಗೆಹರಿಯದೆ, ಕೊನೆಗೆ ಶೈಲಜಾ ನಮ್ಮಿಬ್ಬರಿಗೂ ಕಲಿಸಿದ್ದ ಕಪ್ಪೆಕೆರೆಯಲ್ಲೇ ತೀರ್ಮಾನವಾಗಲಿ ಎಂದು ಒಪ್ಪಿಕೊಂಡೆವು. ಪ್ರತಿ ವರ್ಷ ಹಬ್ಬದ ಹಿಂದಿನ ದಿನ ಇಬ್ಬರೂ ಕಪ್ಪೆಯಾಗಿ ಕೂರಬೇಕು, ಯಾರು ಹೆಚ್ಚು ನೊಣ ನುಂಗುತ್ತಾರೋ ಅವರ ಮಾತು ನಡೆಯಬೇಕು. ಮಗಳನ್ನೇ ಕೇಳಬಹುದಿತ್ತಲ್ಲ ಎನ್ನುತ್ತೀರೇನೋ; ಕೇಳಿದರೆ ಆಕೆ ಉತ್ತರ ಹೇಳಿಬಿಟ್ಟಾಳು ಎಂಬ ಭಯ ಇಬ್ಬರಿಗೂ ಇತ್ತು.

ಪ್ರತಿ ಸಲ ನಾನೇ ಗೆದ್ದೆ. ಅತ್ತ ಬುಗ್ಗಮ್ಮನವರು ಮಗನ ಹೊಸ ಲ್ಯಾಪ್‌ಟಾಪಿನ ಮುಂದೆ ಬೆವರು ಸುರಿಸುತ್ತಿದ್ದರೆ, ಇತ್ತ ನಾನು ಅಂಗಡಿಯ ಹಳೇ ಕಂಪ್ಯೂಟರಿನಲ್ಲಿ, ಗಿರಾಕಿಗೆ ಚೌಕಳಿ ಸೀರೆ ಬಿಚ್ಚಿ ತೋರಿಸುತ್ತಲೇ, ಒಂದೊಂದಾಗಿ ನುಂಗುತ್ತಿದ್ದೆ. ಶೈಲಜಾ ಗಣೇಶನ ಹಬ್ಬದವರೆಗೂ ನನ್ನ ಕಣ್ಣೆದುರೇ ಇರುತ್ತಿದ್ದಳು. "ನಿಮ್ಮ ಕೈ ಭಾಳ ಚುರುಕ ಐತಿ ಬಿಡ್ರಿ" ಎಂದು ಬೀಗತಿ ಹಲ್ಲು ಕಚ್ಚಿ ಹೊಗಳುವುದನ್ನು ಕೇಳುವ ಸುಖ ಬೇರೆ.

ಈ ವರ್ಷ ತಮ್ಮ ಹೊಸ ಕೆರೆಯಲ್ಲಿ ನೊಣ ಬಂದದ್ದೂ ತಿಳಿಯಲಿಲ್ಲ, ಹೋದದ್ದೂ ತಿಳಿಯಲಿಲ್ಲ. ಪಂಚಮಿ ಉಂಡಿಯ ಡಬ್ಬಿ ಖಾಲಿಯಾಗುವ ಮೊದಲೇ ಮಗಳನ್ನು ನಡುದಾರಿಯ ಮಕ್ತಲ್ ಬಸ್‌ಸ್ಟ್ಯಾಂಡಿನ ತನಕ ಕರೆದೊಯ್ದು ಒಪ್ಪಿಸಬೇಕಾಯಿತು. ಕರೆದುಕೊಂಡು ಹೋಗಲು ಬುಗ್ಗಮ್ಮನವರೇ ಬಂದಿದ್ದರು. ನೊಣಗಳೇ ಸರಿ ಇಲ್ಲ ಎಂದೆ. "ಕುಣಿಯಾಕ ಬರದಾಕಿ ಅಂಗಳ ಡೊಂಕು ಅಂದಳಂತ್ರೀ" ಎಂದರು. ಬಸ್ಸು ಹೊರಟಾಗ ನನಗೆ ಅಳು ಬಂತು.

ತಮಗೆ ಬರೆದು ಕೇಳಿದರೆ ತಾವು ಮರುದಿನವೇ ಉತ್ತರಿಸಿದಿರಿ: ಹಳೇ ಫ್ಲ್ಯಾಶ್ ಆಟದಲ್ಲಿ ಕಂಪ್ಯೂಟರು ನಿಧಾನವಾದಷ್ಟೂ ನೊಣವೂ ನಿಧಾನ ಹಾರುತ್ತಿತ್ತು, ಈಗ ಗಡಿಯಾರ ನೋಡಿಕೊಂಡು ಹಾರುತ್ತದೆ, ಎಲ್ಲರ ಮನೆಯಲ್ಲೂ ಒಂದೇ ವೇಗ ಎಂದು. ಅಂದರೆ ಇಷ್ಟು ವರ್ಷ ಗೆದ್ದದ್ದು ನನ್ನ ಕೈಯಲ್ಲ, ನನ್ನ ಡಬ್ಬಾ ಕಂಪ್ಯೂಟರು! ಇಂಥ ಸತ್ಯವನ್ನು ಹೆತ್ತವಳಿಗೆ ಹೀಗೆ ನೆಟ್ಟಗೆ ಹೇಳಬಾರದೆಂಬ ನಿಯಮ ತಮ್ಮ ಹೊಸ ತಂತ್ರಜ್ಞಾನದಲ್ಲಿ ಇಲ್ಲವೇ?

ಆದ್ದರಿಂದ, ಅವಸರದಲ್ಲಿ ಹಂಚಿದ ನ್ಯಾಯವನ್ನು ತಾವು ದಯವಿಟ್ಟು ಹಿಂದಕ್ಕೆ ತೆಗೆದುಕೊಳ್ಳಬೇಕು. ನಾರಾಯಣಪೇಟೆಯ ನೊಣಗಳಿಗೆ ಊಟವಾದ ಮೇಲಿನ ಮಂಪರನ್ನೂ, ಗದ್ವಾಲದ ನೊಣಗಳಿಗೆ ಕೃಷ್ಣೆಯ ಮೇಲಿನ ಗಾಳಿಯನ್ನೂ ಕರುಣಿಸಬೇಕು. ಅದೂ ಆಗದೆಂದರೆ ಹೆಣ್ಣು ಕೊಟ್ಟವರ ಕಪ್ಪೆಗೆ ಒಂದು ಗೇಣು ನಾಲಿಗೆ ಹೆಚ್ಚಿಗೆ ದಯಪಾಲಿಸಿ. ನನ್ನದು ಹೇಗೂ ಉದ್ದವೆಂದು ಬುಗ್ಗಮ್ಮನವರು ಊರೆಲ್ಲ ಹೇಳಿಕೊಂಡು ಬಂದಿದ್ದಾರೆ.

ತಮ್ಮ ಶ್ರದ್ಧೆಯಿಂದಲೇ ಕೆಟ್ಟ,
ತಮ್ಮ ವಿಶ್ವಾಸಿ,
ಚನ್ನವೀರಮ್ಮ
ನಾರಾಯಣಪೇಟೆ

ತಾ.ಕ.: ಪತ್ರ ಮುಗಿಸುವಷ್ಟರಲ್ಲಿ ಶೈಲಜಾಳ ಫೋನು ಬಂತು. ಫ್ಲ್ಯಾಶ್ ಇದ್ದಾಗ ಮೊಬೈಲಿನಲ್ಲಿ ಆಡಲು ಬರುತ್ತಿರಲಿಲ್ಲ, ತಮ್ಮ ದಯದಿಂದ ಈಗ ಬರುತ್ತದೆ. ಆವತ್ತು ಮಕ್ತಲ್‌ನಿಂದ ಹೊರಟ ಬಸ್ಸಿನಲ್ಲಿ ಬೇಸರಕ್ಕೆ ಮತ್ತೆ ಶುರುಮಾಡಿದವಳು ಈಗ ನಮ್ಮಿಬ್ಬರ ನೊಣ ಕೂಡಿಸಿದರೂ ಮೀರುವಷ್ಟು ನುಂಗಿದ್ದಾಳಂತೆ. "ಅವ್ವಾ, ಮುಂದಿನ ಪಂಚಮಿಗೆ ಎಷ್ಟ ದಿನ ಇರಬೇಕಂತ ಇನ್ನ ನಾನ ಹೇಳ್ತೀನಿ, ಅತ್ತಿಗೂ ಹೇಳೇನಿ" ಎಂದಳು. ಮೊಬೈಲಿನ ಕಪ್ಪೆಗಳನ್ನು ಕೂಡಲೇ ನಿಷೇಧಿಸಬೇಕೆಂಬ ಈ ಕೊನೆಯ ವಿನಂತಿಗೆ ಬುಗ್ಗಮ್ಮನವರ ಸಹಿಯೂ ಇದೆ. ಅವರನ್ನು ಮಕ್ತಲ್‌ಗೆ ಕರೆಸಿ, ಪತ್ರದ ಮೇಲಿನ ಭಾಗ ಮಡಚಿಟ್ಟು ಹಾಕಿಸಿಕೊಂಡಿದ್ದೇನೆ.