ಯಾರಿಂದಲೂ ಒಡೆಯಲಾಗದ ಹತ್ತೊಂಬತ್ತು ಒಂದುಗಳು

ಗಣಿತದ ಮೇಷ್ಟ್ರು ಅಂದರೆ ಜನ ಮಾರು ದೂರ ಸರೀತಾರೆ. ನನಗೆ ಮಾತ್ರ ಗಣಿತದಿಂದ ಸಿಕ್ಕಿದ್ದೆಲ್ಲ ನಗುವೇ. ಜಯನಗರದ ಕಾಲೇಜೊಂದರಲ್ಲಿ ಪಾಠ ಹೇಳಿ ರಿಟೈರ್ ಆದ ಮೇಲೂ ಅದು ನಿಂತಿಲ್ಲ, ದೇವರು ದೊಡ್ಡವನು.

ಲಾಸ್ಟ್ ಬೆಂಚು

ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ್ದು ಅವಿಭಾಜ್ಯ ಸಂಖ್ಯೆ. ನನ್ನ ಪ್ರೀತಿಯ ಪಾಠ ಅದು. ಒಮ್ಮೆ ಬೋರ್ಡಿನ ಮೇಲೆ ಉದ್ದಕ್ಕೆ ಹತ್ತೊಂಬತ್ತು ಒಂದುಗಳನ್ನು ಬರೆದೆ: 1111111111111111111.

"ಇದು ಅವಿಭಾಜ್ಯ. ಒಂದೇ ಒಂದು ಅಂಕಿ ಅಳಿಸಿ ನೋಡಿ, ಮೂರು, ಏಳು, ಹನ್ನೊಂದು, ಹದಿಮೂರು ಎಲ್ಲಾ ಒಳಗೆ ನುಗ್ಗುತ್ವೆ. ಹತ್ತೊಂಬತ್ತೂ ಒಟ್ಟಿಗಿದ್ರೆ ಯಾರ ಕೈಲೂ ಒಡೆಯೋಕಾಗಲ್ಲ," ಅಂದೆ.

ಹಿಂದಿನಿಂದ ಒಬ್ಬಳು ಎದ್ದಳು. "ಸಾರ್, ಎಲ್ರೂ ಒಂದೇ ಥರ, ಒಬ್ರನ್ನ ಬಿಟ್ಟು ಒಬ್ರಿಲ್ಲ. ಇದು ನಮ್ಮ ಲಾಸ್ಟ್ ಬೆಂಚಲ್ವಾ?"

ಪಕ್ಕದವನು ಕೂತಲ್ಲಿಂದಲೇ ಸೇರಿಸಿದ: "ಮಾರ್ಕ್ಸೂ ಹಂಗೇ ಸಾರ್. ಎಲ್ರಿಗೂ ಒಂದೊಂದೇ!"

ಕೇಕು

ನನ್ನ ಬೀಳ್ಕೊಡುಗೆಗೆ ಅದೇ ಬೆಂಚಿನವರು ಫೋರ್ತ್ ಬ್ಲಾಕಿನ ಬೇಕರಿಯಲ್ಲಿ ಕೇಕು ಮಾಡಿಸಿದ್ದರು. ಹಲಗೆಯಷ್ಟು ಉದ್ದ. ಮೇಲೆ ನನ್ನ ಹೆಸರಿಲ್ಲ, ಆ ಹತ್ತೊಂಬತ್ತು ಒಂದುಗಳು! ನನ್ನ ಕಣ್ಣು ತುಂಬಿ ಬಂತು. ಅಷ್ಟುದ್ದ ಯಾಕೆ ಅಂತ ಕೇಳಿದಾಗ ಆ ಹುಡುಗಿ ಹೇಳಿದಳು.

ಬೇಕರಿಯವರು ಫೋನ್ ಮಾಡಿದ್ದರಂತೆ. "ಜಾಗ ಸಾಲಲ್ಲಮ್ಮ. ಎರಡು ಒಂದುಗಳನ್ನ ಕಮ್ಮಿ ಬರೀಲಾ?"

"ಅಯ್ಯೋ ಬೇಡ ಅಣ್ಣ, ಭಾಗ ಆಗ್ಬಿಡುತ್ತೆ!"

ಬೇಕರಿಯವರು ಮೆಲ್ಲಗೆ ಕೇಳಿದರಂತೆ: "ಭಾಗ ಮಾಡ್ದೆ ಕೇಕನ್ನ ಹೆಂಗಮ್ಮ ತಿಂತೀರಾ?"

ಹಿಂದಕ್ಕೆ ಎಣಿಕೆ

ಹೋದ ವರ್ಷ ಬಚ್ಚಲಲ್ಲಿ ಜಾರಿಬಿದ್ದೆ. ತಲೆಯೊಳಗೆ ರಕ್ತ ಹೆಪ್ಪುಗಟ್ಟಿ ಆಪರೇಷನ್ ಆಯ್ತು. ಎಚ್ಚರವಾದಾಗ ಎದುರಿಗೆ ಒಬ್ಬರು ಎಳೇ ಡಾಕ್ಟರು, ಬಾಗಿಲ ಹತ್ತಿರ ಮುಖ ಬಾಡಿಸಿಕೊಂಡು ನಿಂತ ನನ್ನ ಹೆಂಡತಿ.

"ಸಾರ್, ನೂರರಿಂದ ಹಿಂದಕ್ಕೆ ಎಣಿಸಿ ನೋಡೋಣ."

ನಾಲಿಗೆ ಇನ್ನೂ ದಪ್ಪ. ಆದರೂ ತಾನಾಗೇ ಹೊರಳಿತು. "ತೊಂಬತ್ತೇಳು... ಎಂಬತ್ತೊಂಬತ್ತು... ಎಂಬತ್ತಮೂರು..."

ಡಾಕ್ಟರ ಮುಖ ಇಳಿದುಹೋಯಿತು. "ಮೇಡಂ, ಗಾಬರಿಯಾಗ್ಬೇಡಿ. ಮಧ್ಯೆ ಮಧ್ಯೆ ಬಿಟ್ಟು ಹೋಗ್ತಿದೆ. ಇನ್ನೊಂದು ಸ್ಕ್ಯಾನ್ ಮಾಡ್ಬೇಕಾಗುತ್ತೆ..."

"ಎಪ್ಪತ್ತೊಂಬತ್ತು... ಎಪ್ಪತ್ತಮೂರು..." ಅಂತ ನಾನು ನನ್ನ ಪಾಡಿಗೆ.

ಮದುವೆಯಾದಾಗಿನಿಂದ ನನ್ನ ಸ್ಕೂಟರಿನ ಹಿಂದೆ ಕೂತು, ಬನಶಂಕರಿ ಸಿಗ್ನಲ್ಲಿನಲ್ಲಿ ಮುಂದಿನ ಗಾಡಿಗಳ ನಂಬರುಗಳನ್ನು ನಾನು ಭಾಗಿಸುವುದನ್ನು ಕೇಳಿಸಿಕೊಂಡು ಬಂದವಳು ಅವಳು. ಒಮ್ಮೆಯೂ ಸಾಕು ಅಂದವಳಲ್ಲ. ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡಳು. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. ಬದುಕಿಕೊಂಡೆ ಅಂತ ನನಗೆ ಖಾತ್ರಿಯಾಗಿದ್ದು ಆಗಲೇ.

"ಸ್ಕ್ಯಾನೂ ಬೇಡ, ಏನೂ ಬೇಡ ಡಾಕ್ಟ್ರೇ," ಅಂದಳು. "ಇವ್ರು ಅವಿಭಾಜ್ಯ ಸಂಖ್ಯೆ ಮಾತ್ರ ಹೇಳ್ತಿದ್ದಾರೆ, ಒಂದೂ ತಪ್ಪಿಲ್ಲ. ಮಧ್ಯೆ ಎಪ್ಪತ್ತೇಳು ಅಂದಿದ್ರೆ ನಾನೇ ಕಿರುಚ್ಕೊಂಡು ನಿಮ್ಮನ್ನ ಕರೀತಿದ್ದೆ. ಅದು ಏಳು ಹನ್ನೊಂದ್ಲ!"