ಗಾಳೆಪ್ಪನನ್ನು ಭೂಮಿಗೆ ಕಟ್ಟಿದ್ದು

ಗುಡೇಕೋಟೆಯ ಗಾಳೆಪ್ಪ ಮೊಟ್ಟಮೊದಲು ಊರು ಬಿಟ್ಟು ನಡೆದದ್ದು ಸಾವಿರದ ಒಂಬೈನೂರ ಐವತ್ತೊಂಬತ್ತನೆಯ ಇಸವಿ ಜುಲೈ ಆರನೇ ತಾರೀಖು ಸೋಮವಾರ, ಶಾಲೆಯಲ್ಲಿ ಹಾಜರಿ ಕೂಗಿದ ಮೇಲೆ, ಹದಿಮೂರರ ಮಗ್ಗಿ ಕೂಗುವ ಮುಂಚೆ. ಮಕ್ಕಳ ಸಂಖ್ಯೆ ಕಡಿಮೆ ಬಿದ್ದರೆ ಒಬ್ಬ ಮಾಸ್ತರರ ಹುದ್ದೆ ಹೋಗುತ್ತಿತ್ತಾದ್ದರಿಂದ ಗಾಳೆಪ್ಪ ಮುಂದಿನ ಎರಡು ವರ್ಷ ತಪ್ಪದೆ ಶಾಲೆಗೆ ಹಾಜರಾಗಿ, ಐದು ಮತ್ತು ಆರನೇ ಇಯತ್ತೆಗಳನ್ನು ಸಾಧಾರಣ ಮಟ್ಟದಲ್ಲಿ ಪಾಸು ಮಾಡಿದ. ಆ ಹೊತ್ತಿನಲ್ಲಿ ಅವನು ಹರಿಹರದಲ್ಲಿ ಒಬ್ಬ ವೈರಿಂಗ್ ಮೇಸ್ತ್ರಿಯ ಏಣಿ ಹೊರುತ್ತಿದ್ದ.

ಆಮೇಲೆ ಅವನ ಕಾಲು ಎಲ್ಲೂ ನಿಲ್ಲಲಿಲ್ಲ. ದಾವಣಗೆರೆಯ ಹತ್ತಿ ಗಿರಣಿ, ಸಂಡೂರಿನ ಗಣಿ, ಗೋವಾದ ಹಡಗುಕಟ್ಟೆ, ಸೊಲ್ಲಾಪುರದ ಮಗ್ಗಗಳು. ಕೆಲಸ ಕಲಿತ ಕಡೆ ಉಳಿಯಲಿಲ್ಲ, ಉಳಿದ ಕಡೆ ಕಾಯಂ ಆಗಲಿಲ್ಲ. ದಾವಣಗೆರೆಯಲ್ಲಿ ಕರೆಂಟು ಅವನ ಎಡಗೈ ಕಿರುಬೆರಳಿನ ತುದಿಯನ್ನು ತೆಗೆದುಕೊಂಡಿತ್ತು. ಅಂದಿನಿಂದ ಅವನಿಗೆ ಉಳಿದದ್ದು ಒಂದೇ ಶಾಸ್ತ್ರ: ಕರೆಂಟು ಇರುವ ಪೆಟ್ಟಿಗೆಯೊಳಗೆ ಕೈ ಹಾಕುವುದಿಲ್ಲ, ಹೇಳಿದವನು ಬ್ರಹ್ಮನ ಅಪ್ಪನಾಗಿದ್ದರೂ.

ಎಂಬತ್ತೇಳನೆಯ ಇಸವಿಯಲ್ಲಿ ಇಂಥ ಗಾಳೆಪ್ಪನನ್ನು ಒಂದು ದಿನದ ಕೆಲಸಕ್ಕೆಂದು ಕೊಟ್ಟೂರಿಗೆ ಕರೆಸಿಕೊಂಡದ್ದು ‘ನಾಲ್ಕು ತಾಲ್ಲೂಕುಗಳ ಶೇಂಗಾ ಬೆಳೆಗಾರರ ಸಹಕಾರಿ ಎಣ್ಣೆ ಗಿರಣಿ’. ಅಲ್ಲಿ ಶೇಂಗಾ ಬೀಜವನ್ನು ಹಿಂಡುವ ಮುಂಚೆ ಹಬೆಯಲ್ಲಿ ಬೇಯಿಸುತ್ತಿದ್ದರು. ಹಬೆಯ ಚಕ್ರವನ್ನು ಹನ್ನೊಂದು ವರ್ಷದಿಂದ ಕೈಯಿಂದ ತಿರುವುತ್ತಿದ್ದವಳು ಹುಲುಗಮ್ಮ. ಹಬೆ ಹಾರಿದಾಗಲೆಲ್ಲ ಅವಳ ಮೊಣಕೈಗೇ ಬಡಿಯುತ್ತಿತ್ತು. ಇದನ್ನು ಸರ್ಕಾರ ಮನಗಂಡು, ಹಬೆಯನ್ನು ತಾನೇ ಹತೋಟಿಯಲ್ಲಿಡುವ ಒಂದು ಕಂಟ್ರೋಲ್ ಪ್ಯಾನೆಲ್ಲಿಗೆ ಅನುದಾನ ಕೊಟ್ಟಿತ್ತು. ಪ್ಯಾನೆಲ್ ಬಂದು ಹದಿನಾಲ್ಕು ತಿಂಗಳಾಗಿತ್ತು. ಅದರಲ್ಲಿ ಒಂದು ಖಾನೆ ಖಾಲಿ ಇತ್ತು. ಆ ಖಾನೆಗೆ ಕೂಡ್ರಬೇಕಾದ, ಇಟ್ಟಿಗೆಯಷ್ಟು ದೊಡ್ಡದಾದ ಅನಲಾಗ್ ಔಟ್‌ಪುಟ್ ಮಾಡ್ಯೂಲ್ ಈಗ ಪಾರ್ಸಲ್ಲಿನಲ್ಲಿ ಬಂದಿತ್ತು. ‘ಪೂರಾ ತೆಗೆ, ಪೂರಾ ಮುಚ್ಚು’ ಎಂದು ಹೇಳುವುದು ಯಾವ ಸ್ವಿಚ್ಚಿಗೂ ಬರುತ್ತದೆ. ‘ಕಾಲು ಭಾಗ ತೆಗೆ, ಮುಕ್ಕಾಲು ಭಾಗ ತೆಗೆ’ ಎಂದು ಹಬೆಗೆ ಅಳೆದು ಹೇಳುವುದು ಇದಕ್ಕೆ ಮಾತ್ರ ಬರುತ್ತಿತ್ತು. ಗಿರಣಿಯ ಕಾರ್ಯದರ್ಶಿ ಗುರುಸಂಗಪ್ಪ ಕಡತದಲ್ಲಿ ಇದಕ್ಕೆ ‘ಸಾದೃಶ್ಯ ನಿರ್ಗಮ ಘಟಕ’ ಎಂದು ನಾಮಕರಣ ಮಾಡಿದ. ಹುಲುಗಮ್ಮ ‘ಹುಕುಂ ಪೆಟಗಿ’ ಅಂದಳು.

ಘಟಕದ ಜೊತೆ ಬಂದ ಇಂಗ್ಲಿಷ್ ಪುಸ್ತಿಕೆಯಲ್ಲಿ ಸುರಕ್ಷಿತ ಅಳವಡಿಕೆಗೆ ಆರು ನಿಯಮಗಳಿದ್ದವು. ಇಷ್ಟು ಬೆಲೆಯ ವಸ್ತುವಿಗೆ ಬರೀ ಆರು ನಿಯಮ ಶೋಭಿಸುವುದಿಲ್ಲವೆಂದು ಗುರುಸಂಗಪ್ಪ ಕನ್ನಡಿಸುವಾಗ ತನ್ನವೂ ಮೂರು ಸೇರಿಸಿ ಒಂಬತ್ತು ಮಾಡಿ, ಬೋರ್ಡು ಬರೆಸಿ ಪ್ಯಾನೆಲ್ಲಿನ ಪಕ್ಕದಲ್ಲೇ ಹಾಕಿಸಿದ. ಮುಖ್ಯವಾದವು ಇವು:

‘ನಿಯಮ ೧: ಅಳವಡಿಕೆಗೆ ಮುನ್ನ ಗಿರಣಿಯು ತಾನೇ ವಿದ್ಯುತ್ತನ್ನು ಕಡಿತಗೊಳಿಸತಕ್ಕದ್ದು.
ನಿಯಮ ೨: ಹಾಗೆ ಕಡಿತಗೊಳಿಸಿದ ಸ್ವಿಚ್ಚಿಗೆ ಬೀಗ ಹಾಕತಕ್ಕದ್ದು.
ನಿಯಮ ೩: ಅಳವಡಿಸುವವನನ್ನು ಮಣಿಕಟ್ಟಿನಲ್ಲಿ ಭೂಮಿಗೆ ಕಟ್ಟತಕ್ಕದ್ದು.
ನಿಯಮ ೯: ಸಮೀಪದಲ್ಲಿ ನಿಂತು ನೋಡುವವರಿಗೂ ಮೇಲ್ಕಂಡ ಕಟ್ಟುಪಾಡು ಅನ್ವಯಿಸತಕ್ಕದ್ದು.’

ಮೂರನೆಯದು ತಮಾಷೆಯಲ್ಲ. ಒಣ ಹವೆಯಲ್ಲಿ ಮನುಷ್ಯನ ಮೈಮೇಲೆ ಕೂಡುವ ಸಣ್ಣ ಕಿಡಿ ಘಟಕದ ಒಳನರಗಳನ್ನು ಸುಟ್ಟುಬಿಡುತ್ತದೆ. ಅದು ನೆಲಕ್ಕಿಳಿದು ಹೋಗಲಿ ಎಂದು ಈ ಕಟ್ಟು. ಒಂಬತ್ತನೆಯದು ಗುರುಸಂಗಪ್ಪನ ಸ್ವಂತದ್ದು.

ಗಾಳೆಪ್ಪ ಬಂದ ದಿನ ಕರೆಂಟು ಇರಲಿಲ್ಲ. ಆ ಕಾಲದಲ್ಲಿ ಅದು ಇರುತ್ತಲೂ ಇರಲಿಲ್ಲ.

“ಒಳ್ಳೇ ಟೈಮಿಗೆ ಬಂದೀನ್ರಿ ಸೆಕ್ರೆಟರಿ ಸಾಹೇಬ್ರ,” ಎಂದ ಗಾಳೆಪ್ಪ. “ಕರೆಂಟ್ ಇಲ್ಲ. ಐದು ನಿಮಿಷ ಕೊಡ್ರಿ, ಕುಂದ್ರಿಸಿ ಹೋಗಿಬಿಡ್ತೀನಿ.”

“ಇಲ್ಲ ಅಂದ್ರ? ಕರೆಂಟ್ ಹೋಗೇತೋ, ನಾವು ತಗದೀವೋ?” ಎಂದು ಕೇಳಿದ ಗುರುಸಂಗಪ್ಪ.

“ಹೋಗೇತ್ರಿ.”

“ಹೋಗಿದ್ದಕ್ಕ ನಾವು ಹೆಂಗಪಾ ಸರ್ಟಿಫಿಕೇಟ್ ಕೊಡೋದು? ಗಿರಣಿಯು ತಾನೇ ಅಂತ ಐತಿ. ಇಲ್ಲದ್ದನ್ನ ತಗದೀವಿ ಅಂತ ಬರದ್ರ ಸುಳ್ಳು ದಾಖಲಿ ಆಗತೈತಿ. ಬರಲಿ, ಬಂದ ಮ್ಯಾಲ ತಗಿಯೋಣಂತ.”

ಕರೆಂಟು ಮೂರನೇ ದಿನ ಮಧ್ಯಾಹ್ನ ಬಂತು. ಗುರುಸಂಗಪ್ಪ ಲಗುಬಗೆಯಿಂದ ನಿಯಮ ಮೂರನ್ನು ಮೊದಲು ಪಾಲಿಸಿದ. ಅದು ಎಲ್ಲಕ್ಕಿಂತ ಸುಲಭವಾಗಿತ್ತು. ಘಟಕದ ಜೊತೆ ಬಂದಿದ್ದ ಅಸಲಿ ಕೈಪಟ್ಟಿ ವಿದೇಶಿ ಮಾಲಾದ್ದರಿಂದ ತಿಜೂರಿಯಲ್ಲಿತ್ತು, ಬಳಸಿದರೆ ಸವೆಯುತ್ತದೆ. ಬದಲಿಗೆ ಕೊಟ್ಟೂರು ಸಂತೆಯಿಂದ ಎತ್ತಿನ ಸರಪಳಿ ತರಿಸಲಾಗಿತ್ತು. ಅದರ ಒಂದು ತುದಿಯನ್ನು ಗೋಡೆಯಾಚೆ ನೆಲದಲ್ಲಿ ಹೂತ ಅರ್ತಿಂಗ್ ಕಂಬಿಗೆ ಬಿಗಿದು, ಇನ್ನೊಂದನ್ನು ಗಾಳೆಪ್ಪನ ಎಡ ಮಣಿಕಟ್ಟಿಗೆ ಸುತ್ತಿದರು. ಐದು ನಿಮಿಷದ ಮಾತು ಎಂದು ಅವನೂ ಕೈ ಕೊಟ್ಟ.

ಅಷ್ಟರಲ್ಲಿ ಗಿರಣಿಯ ಅಧ್ಯಕ್ಷ ಜಂಬಣ್ಣ ಪಂಚೆ ಎತ್ತಿಕೊಂಡು ಓಡಿ ಬಂದ. “ಕರೆಂಟ್ ಬಂದೈತಿ, ಮಷೀನ್ ಹಚ್ರಲೇ! ಮೂರು ದಿನಕ್ಕ ಬಂದ ಕರೆಂಟನ್ನ ತಗೀತೀನಿ ಅಂತೀರೇನು? ಮನ್ಯಾಗ ಹೆಂಡ್ತಿ ಬಂದ್ರ ಬಾಗಲಾ ಹಾಕ್ಕೋತೀರೇನು?”

ಹೀಗೆ ಗಿರಣಿಯ ಧೋರಣೆ ಇತ್ಯರ್ಥವಾಯಿತು: ಕರೆಂಟು ಇಲ್ಲದಾಗ ತೆಗೆಯಲು ಬರುವುದಿಲ್ಲ, ಇದ್ದಾಗ ತೆಗೆಯುವಂತಿಲ್ಲ. ಸ್ವಿಚ್ಚಿಗೆಂದು ಮಂಜೂರಾಗಿದ್ದ ಬೀಗ ಇದರಿಂದ ನಿರುಪಯುಕ್ತವಾಯಿತು. ನಿರುಪಯುಕ್ತ ವಸ್ತು ಕಂಡರೆ ಆಡಿಟ್‌ನವರು ಆಕ್ಷೇಪಣೆ ಎತ್ತುತ್ತಾರೆ. ಆದ್ದರಿಂದ ಅದನ್ನು ಗಾಳೆಪ್ಪನ ಸರಪಳಿಗೆ ಹಾಕಿ ಕೀಲಿಯನ್ನು ಗುರುಸಂಗಪ್ಪ ಜನಿವಾರವಿಲ್ಲದ ತನ್ನ ಕೊರಳಿಗೆ, ಲಿಂಗದ ಪಕ್ಕ, ನೇತುಹಾಕಿಕೊಂಡ.

“ಬಿಚ್ರಿ ಸಾಹೇಬ್ರ. ಕೆಲಸ ಆಗೋದಿಲ್ಲಂದ್ರ ನಾನು ಹೋಗ್ತೀನಿ.”

“ಕಟ್ಟತಕ್ಕದ್ದು ಅಂತ ಐತಿ. ಬಿಚ್ಚತಕ್ಕದ್ದು ಅಂತ ಎಲ್ಲೈತಿ, ತೋರ್ಸು.”

ಗಾಳೆಪ್ಪ ಒಂಬತ್ತನ್ನೂ ಓದಿದ. ಎಲ್ಲೂ ಇರಲಿಲ್ಲ.

ಹತ್ತೊಂಬತ್ತು ದಿನ ಹಾಗೇ ಕಳೆದವು. ಸರಪಳಿ ಬಹಿರ್ದೆಸೆಯ ಕಟ್ಟೆಯವರೆಗೆ ಮುಟ್ಟುತ್ತಿರಲಿಲ್ಲವಾಗಿ, ಗಾಳೆಪ್ಪ ‘ಸರಪಳಿ ವಿಸ್ತರಣೆ ಕೋರಿ’ ಅರ್ಜಿ ಕೊಟ್ಟ. ಬೇಡಿಕೆಯ ನೈಜತೆಯನ್ನು ಪರಿಶೀಲಿಸಲು ಇಬ್ಬರು ನಿರ್ದೇಶಕರ ಉಪಸಮಿತಿ ರಚನೆಯಾಗಿ, ಎರಡು ದಿನ ಸ್ಥಳದಲ್ಲಿದ್ದು ಪರಿಶೀಲಿಸಿತು. ಬೇಡಿಕೆ ನೈಜವೆಂದು ತಿಳಿದುಬಂದು ಆರು ಅಡಿ ಮಂಜೂರಾಯಿತು.

ಹುಲುಗಮ್ಮ ಮಧ್ಯಾಹ್ನ ರೊಟ್ಟಿ, ಶೇಂಗಾ ಚಟ್ನಿ ತಂದು ಅವನ ಮುಂದೆ ಇಡುತ್ತಿದ್ದಳು.

“ಏನ್ ತಮ್ಮಾ, ದೇಶಾ ತಿರಗಿದ ಕಾಲು ನಿಂದು. ನಮ್ಮ ಗಿರಣ್ಯಾರು ಎತ್ತು ಕಟ್ಟಿದಂಗ ಕಟ್ಟಿಬಿಟ್ರಲ್ಲ!”

“ಹುಲ್ಲರ ಹಾಕ್ತಾರೇನು ಕೇಳಬೇ ಯಕ್ಕಾ.”

“ಹುಲ್ಲಿಗೆ ಟೆಂಡರ್ ಕರದಾರಂತ,” ಎಂದು ನಕ್ಕು, ಸುಟ್ಟು ಕಪ್ಪಾದ ಮೊಣಕೈಯನ್ನು ಸೆರಗಿನಿಂದ ಒರೆಸಿಕೊಂಡಳು. “ಆ ಪೆಟಗಿ ಒಳಗ ಕುಂತ್ರ ನನ್ನ ಕೈ ಉಳಿತೈತಿ ಅಂತೀಯಲ್ಲ. ಕುಂದ್ರಸಾಕ ಹೋಗಿ ನಿನ್ನ ಕೈ ಕಳಕೊಂಡಿ, ಜ್ವಾಕಿ.”

“ಕರೆಂಟ್ ತಗಿಯೋಮಟ ನಾನು ಮುಟ್ಟಂಗಿಲ್ಲ ಬಿಡಬೇ.”

ಇಪ್ಪತ್ತನೆಯ ದಿನ ಬಳ್ಳಾರಿಯಿಂದ ಜಂಟಿ ನಿರ್ದೇಶಕರು ತಪಾಸಣೆಗೆ ದಯಮಾಡಿಸಿದರು. ಅನುದಾನದ ಎರಡನೇ ಕಂತು ಅವರ ಸಹಿಯಲ್ಲಿತ್ತು. ಪ್ಯಾನೆಲ್ಲಿನ ಕೆಂಪು ಹಸಿರು ದೀಪಗಳು ಉರಿಯುತ್ತಿರುವುದನ್ನೂ ಘಟಕ ಒಳಹೋಗುವುದನ್ನೂ ತಾವು ಒಟ್ಟಿಗೇ ಕಣ್ಣಾರೆ ಕಾಣಬೇಕೆಂದು ಅವರು ಅಪ್ಪಣೆ ಕೊಡಿಸಿದರು. ಅದೃಷ್ಟವಶಾತ್ ಅಂದು ಕರೆಂಟು ಇತ್ತು.

“ಹಾಕು ಗಾಳೆಪ್ಪ, ಸಾಹೇಬರು ನೋಡ್ತಾರ,” ಎಂದ ಜಂಬಣ್ಣ.

ಗಾಳೆಪ್ಪ ಕೈಯ ಸರಪಳಿಯನ್ನು ಎತ್ತಿ ತೋರಿಸಿದ. “ಸ್ವಾಮೀ, ಅಸಲಿ ಪಟ್ಟಿಯೊಳಗ ಒಂದು ತಡಿ ಇರತೈತ್ರಿ. ಕಿಡಿ ಅಷ್ಟೇ ಇಳೀತೈತಿ, ಕರೆಂಟ್ ಮೈಯಾಗ ಹರಿಯಂಗಿಲ್ಲ. ಇದು ಎತ್ತಿನ ಸರಪಳಿ. ಹಿಂಗ ನೆಲಕ್ಕ ಕಟ್ಟಿದ ಮನುಷ್ಯಾ ಕರೆಂಟ್ ಇರೋ ಪೆಟಗ್ಯಾಗ ಕೈ ಹಾಕಿದ್ರ, ಕರೆಂಟಿಗೆ ಟಾರ್ ರೋಡ್ ಹಾಕಿಕೊಟ್ಟಂಗ. ಸುಟ್ಟು ಹೋಗ್ತೀನ್ರಿ.”

“ಹತ್ತೊಂಬತ್ತು ದಿನದಿಂದ ಅದರಾಗ ಅದೀ. ಏನಾತು? ಗುಂಡುಕಲ್ಲು ಇದ್ದಂಗ ಅದೀ,” ಎಂದ ಜಂಬಣ್ಣ.

ಗುರುಸಂಗಪ್ಪ ಅಂಥ ನಿರ್ದಯಿಯಲ್ಲ. ಪರಿಹಾರ ಕೋರುವ ಅರ್ಜಿಯನ್ನು ಮೂರು ಪ್ರತಿಗಳಲ್ಲಿ ಅವನು ಮೊದಲೇ ತಯಾರಿಸಿ ತಂದಿದ್ದ. “ಇದಕ್ಕ ಈಗಲೇ ಹೆಬ್ಬಟ್ಟು ಒತ್ತಿಬಿಡು,” ಎಂದು ಶಾಯಿಪ್ಯಾಡು ಮುಂದೆ ಹಿಡಿದ. “ಆಮ್ಯಾಲ ಬಟ್ಟು ಸಿಗತೈತೋ ಇಲ್ಲೋ.”

ಗಾಳೆಪ್ಪ ಆ ಶಾಯಿಪ್ಯಾಡು ನೋಡಿದ, ಅದರ ಹಿಂದಿದ್ದ ಬೋರ್ಡು ನೋಡಿದ. ಹತ್ತೊಂಬತ್ತು ದಿನ ಓದಲು ಅವನಿಗೆ ಬೇರೇನೂ ಇರಲಿಲ್ಲ. ಮಗ್ಗಿ ಒಪ್ಪಿಸುವ ಹುಡುಗನ ಹಾಗೆ ಕೈಕಟ್ಟಿ ನಿಂತು, ನಿಯಮ ಒಂಬತ್ತನ್ನು ಗಟ್ಟಿಯಾಗಿ ಓದಿದ.

“ನಿಯಮಾ ಅಂದ್ರ ನಿಯಮಾ, ಹೌದಲ್ರೀ ಸ್ವಾಮೀ?” ಎಂದ.

ಜಂಟಿ ನಿರ್ದೇಶಕರು ಕನ್ನಡಕ ಸರಿಪಡಿಸಿಕೊಂಡರು. “ಕಾರ್ಯದರ್ಶಿಗಳೇ, ಈ ನಿಯಮ ಯಾಕೆ ಪಾಲನೆಯಾಗಿಲ್ಲ?”

ಅದು ತಾನೇ ಸೇರಿಸಿದ್ದೆಂದು ಹೇಳುವ ದಾರಿ ಗುರುಸಂಗಪ್ಪನಿಗೆ ಇರಲಿಲ್ಲ. ಮೂರು ಸರಪಳಿಗೆ ಆಳು ಓಡಿದ. ಅಲ್ಲೇ ಹಳೆಯದೊಂದು ತುಂಡು ಬಿದ್ದಿತ್ತು, ವಿಸ್ತರಣೆಯ ಕಾಲಕ್ಕೆ ಉದ್ದದ ಸರಪಳಿ ಹಾಕುವಾಗ ಗಾಳೆಪ್ಪನ ಕೈಯಿಂದ ಕಳಚಿದ್ದು. “ಅವಗ ಕಟ್ಟಿದ್ದು ನಮಗ ಬ್ಯಾಡ, ಎಲ್ಲಾ ಹೊಸಾವೇ ತರಸ್ರಿ,” ಎಂದು ಜಂಬಣ್ಣ ಮುಖ ಆಚೆ ಮಾಡಿದ. ಹೊಸವೇ ಬಂದವು. ಅಧ್ಯಕ್ಷ, ಕಾರ್ಯದರ್ಶಿ, ಜಂಟಿ ನಿರ್ದೇಶಕರು ಮೂವರನ್ನೂ ಮಣಿಕಟ್ಟಿನಲ್ಲಿ ಅದೇ ಕಂಬಿಗೆ ಬಿಗಿಯಲಾಯಿತು. ಭೂಮಿಯಲ್ಲಿ ಬೇರೆ ಕಂಬಿ ಇರಲಿಲ್ಲ. ಕಂಬಿಯ ಬುಡ ಒಣಗಿರಬಾರದೆಂಬುದು ನಿಯಮ ಆರು. ಹುಲುಗಮ್ಮ ಎರಡು ಕೊಡ ನೀರು ಸುರಿದಳು. ಸ್ವಲ್ಪ ಒಳಗೂ ಹರಿದುಬಂದು ದೊಡ್ಡವರ ಚಪ್ಪಲಿ ತೋಯಿಸಿತು.

“ಈಗ ಹಾಕ್ಲೇನ್ರೀ?” ಎಂದು ಗಾಳೆಪ್ಪ ಬಲಗೈಯನ್ನು ಪೆಟ್ಟಿಗೆಯ ಕಡೆ ನಿಧಾನವಾಗಿ ಚಾಚಿದ.

ಜಂಬಣ್ಣ ಗಾಳೆಪ್ಪನ ಕೈಯನ್ನು ನೋಡಿದ. ಆ ಕೈಯವನ ಸರಪಳಿ ಹೋಗಿ ಸೇರಿದ ಕಂಬಿಯನ್ನು ನೋಡಿದ. ಅದೇ ಕಂಬಿಯಿಂದ ಹೊರಟು ತನ್ನ ಕೈಗೇ ಬಂದ ಹೊಸ ಸರಪಳಿಯನ್ನು ನೋಡಿದ.

“ಏ, ಏ, ನಿಂದ್ರಲೇ! ಮುಟ್ಟಬ್ಯಾಡ! ಯಾವನಲೇ ಅಲ್ಲಿ, ಮೊದ್ಲು ಕರೆಂಟ್ ತಗೀರಲೇ!”

ಸ್ವಿಚ್ಚು ಎದುರು ಗೋಡೆಯಲ್ಲಿತ್ತು. ಮೂವರ ಸರಪಳಿಯೂ ಅಲ್ಲಿಯತನಕ ಮುಟ್ಟುತ್ತಿರಲಿಲ್ಲ. ಆಳು ಸರಪಳಿಯ ದುಡ್ಡು ಕೊಡಲು ಹೋಗಿದ್ದ, ಕಟ್ಟಿಲ್ಲದೆ ಉಳಿದವಳು ಹುಲುಗಮ್ಮ ಒಬ್ಬಳೇ. ಅವಳು ಖಾಲಿ ಕೊಡವನ್ನು ಟೊಂಕಕ್ಕೆ ಇಟ್ಟುಕೊಂಡು ಸಾವಕಾಶವಾಗಿ ಕೇಳಿದಳು:

“ಗಿರಣಿ ತಾನೇ ತಗೀಬೇಕಂತ ಬರದಾರಂತಲ್ರೀ ಸಾಹುಕಾರ್ರ. ನಾನು ದಿನಗೂಲಿಯಾಕಿ. ನಾನು ಗಿರಣಿ ಹೌದೋ, ಅಲ್ಲೋ?”

“ಹೌದಬೇ ನಮ್ಮವ್ವಾ, ನೀನ ಗಿರಣಿ! ತಗೀ!”

ಹುಲುಗಮ್ಮ ತೆಗೆದಳು. ಸರ್ಟಿಫಿಕೇಟು ಬೇಕಾಗಲಿಲ್ಲ. ಗಾಳೆಪ್ಪ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದು ಮತ್ತೆ ಕೈ ಕಟ್ಟಿ ನಿಂತ. “ಬೀಗ,” ಎಂದ. ಗುರುಸಂಗಪ್ಪ ಕೊರಳಲ್ಲಿದ್ದ ಕೀಲಿಯನ್ನು ತೆಗೆದು ಅವನಿಗೆ ಕೊಟ್ಟ. ಇಪ್ಪತ್ತು ದಿನ ಮನುಷ್ಯನ ಕೈಯಲ್ಲಿದ್ದ ಬೀಗವನ್ನು ಹುಲುಗಮ್ಮ ಸ್ವಿಚ್ಚಿಗೆ ಹಾಕಿದಳು. ಗಾಳೆಪ್ಪ ಟೆಸ್ಟರ್ ಹಚ್ಚಿ ಪ್ಯಾನೆಲ್ ಸತ್ತಿದೆಯೆಂದು ಖಾತ್ರಿ ಮಾಡಿಕೊಂಡ. ಘಟಕವನ್ನು ಅಂಚಿನಲ್ಲಿ ಹಿಡಿದು, ಹಿಂದಿನ ಹಲ್ಲುಗಳಿಗೆ ಬೆರಳು ತಾಗದಂತೆ ಖಾಲಿ ಖಾನೆಯಲ್ಲಿ ಕೂಡಿಸಿ, ‘ಟಿಕ್’ ಎನ್ನುವವರೆಗೆ ನೂಕಿ, ಎರಡು ಸ್ಕ್ರೂ ಬಿಗಿದು, ಹಬೆಯ ಕವಾಟದ ಎರಡು ತಂತಿಗಳನ್ನು ಅವುಗಳ ಜಾಗಕ್ಕೆ ಸೇರಿಸಿದ. ನಾಲ್ಕು ನಿಮಿಷ ಹಿಡಿಯಿತು. ಕೈ ಕೈಯಾಗಿಯೇ ಉಳಿಯಿತು. ಆಮೇಲೆ ಅವನು ಯಾರ ಅಪ್ಪಣೆಯನ್ನೂ ಕೇಳದೆ ಸರಪಳಿ ಬಿಚ್ಚಿ ನೆಲಕ್ಕೆ ಹಾಕಿದ.

“ಇಕಾ ಕೀಲಿ. ಬೀಗ ತಗದು ಕರೆಂಟ್ ಹಾಕ್ರಿ. ಹುಲುಗಕ್ಕ ಇನ್ನ ಆ ಚಕ್ರ ಮುಟ್ಟಾದು ಬ್ಯಾಡ.”

“ಹಾಕತಕ್ಕದ್ದು ಅಂತ ಎಲ್ಲೈತಿ?” ಎಂದ ಗುರುಸಂಗಪ್ಪ. ಅವನಿಗೆ ಜೀವ ಮರಳಿ ಬಂದಿತ್ತು.

ಜಂಟಿ ನಿರ್ದೇಶಕರ ವರದಿ ಹದಿನೈದು ದಿನದಲ್ಲಿ ಬಂತು. ಅಳವಡಿಕೆ ಸುರಕ್ಷಿತವಾಗಿ ಜರುಗಲು ಪದಾಧಿಕಾರಿಗಳು ಬಂಧಿತರಾಗಿದ್ದುದೇ ಕಾರಣವೆಂದು ಅದು ಶ್ಲಾಘಿಸಿ, ಇನ್ನು ಮುಂದೆ ಪ್ರತಿ ಸಭೆಯಲ್ಲೂ ನಿರ್ದೇಶಕರು ಕಟ್ಟಿಸಿಕೊಂಡೇ ಕೂಡತಕ್ಕದ್ದೆಂದೂ ಅದಕ್ಕಾಗಿ ಬಂಧನ ಭತ್ಯೆ ಪಡೆಯತಕ್ಕದ್ದೆಂದೂ ಸೂಚಿಸಿತು. ಅಲ್ಲಿಯವರೆಗೆ ಸಭೆಗೆ ಬಾರದಿದ್ದ ನಿರ್ದೇಶಕರೂ ಬಂದು ಎರಡೂ ಕೈ ಚಾಚಿದರು. ಕರೆಂಟು ಹಾಕುವ ನಿಯಮ ಇಲ್ಲದ್ದರಿಂದ ಗಿರಣಿ ನಿಂತಿತು. ನಿಂತ ಗಿರಣಿಯಲ್ಲಿ ಒಂದೂ ಅಪಘಾತವಾಗಲಿಲ್ಲವಾಗಿ, ಅದಕ್ಕೆ ಜಿಲ್ಲಾ ಸುರಕ್ಷತಾ ಪ್ರಶಸ್ತಿ ಬಂತು. ನಾಲ್ಕು ತಾಲ್ಲೂಕಿನ ಶೇಂಗಾ ಜಂಬಣ್ಣನ ಭಾವಮೈದುನನ ಖಾಸಗಿ ಗಿರಣಿಗೆ ಹೋಗತೊಡಗಿತು. ಅಲ್ಲಿ ಯಾವ ನಿಯಮವೂ ಇಲ್ಲದ್ದರಿಂದ ಕೆಲಸ ಚೆನ್ನಾಗಿ ನಡೆಯುತ್ತಿತ್ತು. ಹುಲುಗಮ್ಮನೂ ಅಲ್ಲಿಗೇ ಹೋದಳು, ಹಬೆಯ ಚಕ್ರ ತಿರುವಲು.

ಕೂಲಿಗಾಗಿ ಅಲ್ಲಿಯತನಕ ಅಲೆದ ಗಾಳೆಪ್ಪನಿಗೆ ಗುರುಸಂಗಪ್ಪ ಕೊನೆಗೆ ಕಾಯಂ ಹುದ್ದೆಯನ್ನೇ ಮುಂದಿಟ್ಟ: ‘ಭೂಬಂಧಿತ ಸಹಾಯಕ’. ನಿಯಮ ಮೂರರ ಪ್ರಕಾರ ಪ್ಯಾನೆಲ್ಲಿನ ಬಳಿ ಒಬ್ಬ ಸದಾ ಕಟ್ಟಿಸಿಕೊಂಡು ಇರಬೇಕು. ಪೆನ್ಶನ್ ಉಂಟು. ಗಾಳೆಪ್ಪ ತಲೆ ಆಡಿಸಿದ್ದು ಇಲ್ಲವೆಂದೇ ಎಂದು ಎರಡು ಸಲ ಕೇಳಿ ಖಚಿತಪಡಿಸಿಕೊಂಡು, ಹುದ್ದೆಗೆ ಪ್ರಕಟಣೆ ಹೊರಡಿಸಲಾಯಿತು: ‘ಸ್ವಂತ ಸರಪಳಿ ಉಳ್ಳವರಿಗೆ ಆದ್ಯತೆ.’

ಸಂದರ್ಶನದ ದಿನ ಗಾಳೆಪ್ಪ ಗಿರಣಿಯ ಜಗುಲಿಯ ಮೇಲೆ ಕುಳಿತು ಕಟಿಂಗ್ ಪ್ಲೇಯರ್, ಟೆಸ್ಟರ್, ಎರಡು ಅಂಗಿ ಚೀಲಕ್ಕೆ ತುಂಬುತ್ತಿದ್ದ. ಗೇಟಿನಿಂದ ರಸ್ತೆಯವರೆಗೆ ಸಾಲು ನಿಂತಿತ್ತು. ಹಡಗಲಿಯಿಂದ, ಹರಪನಹಳ್ಳಿಯಿಂದ, ಹಗರಿಬೊಮ್ಮನಹಳ್ಳಿಯಿಂದ ಪದವೀಧರರು ಬಂದಿದ್ದರು. ಒಬ್ಬೊಬ್ಬರ ಹೆಗಲ ಮೇಲೂ ಸರಪಳಿ, ಕಂಕುಳಲ್ಲಿ ಸರ್ಟಿಫಿಕೇಟಿನ ಕವರು. ಕೆಲವರು ಸರಪಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ ತಂದಿದ್ದರು.

ಸಾಲಿನ ಮುಂದಿದ್ದ ಬಿ.ಎ. ಪಾಸಾದವನೊಬ್ಬ ವಿನಯದಿಂದ ಬಾಗಿ ಕೇಳಿದ. “ಅಣ್ಣಾರ, ಯಾವ ಕೈಗೆ ಕಟ್ತಾರ್ರೀ? ಎಡಗೈ ಆದ್ರ ಚಲೋ. ಹಾಜರಿಗೆ ಸಹಿ ಹಾಕಾಕ ಬಲಗೈ ಬೇಕಲ್ರೀ.”

“ಎಡಗೈಗೇ ಕಟ್ತಾರ.”

“ಮತ್ತ ನೀವು ಯಾಕ ಬಿಟ್ಟು ಹೊಂಟೀರಿ?”

ಗಾಳೆಪ್ಪ ಟೆಸ್ಟರನ್ನು ಚೀಲದ ತಳಕ್ಕೆ ತುರುಕಿದ. ಪದವೀಧರ ಹಿಂದಿನವನ ಕಡೆ ತಿರುಗಿ, “ಪಾಪ, ಓದಿಲ್ಲ ನೋಡು,” ಎಂದ. ಸಾಲೆಲ್ಲ ಮರುಕದಿಂದ ಅವನನ್ನೇ ನೋಡುತ್ತಿರಲು, ಗಾಳೆಪ್ಪ ಚೀಲದ ಬಾಯಿಗೆ ಹಗ್ಗ ಸುತ್ತಿ ಬಿಗಿದ.