ಹರಟೆಮಲ್ಲ ಹಕ್ಕಿಯೂ ಸೂಡಿಯ ಹೋಳಿಗೆಯೂ

ಮನುಷ್ಯ ಎಲ್ಲಿಂದ ಬಂದ ಎಂಬ ಮಾತನ್ನು ನಾನು ತೆಗೆದಾಗಲೆಲ್ಲ ನಮ್ಮವ್ವ, "ಮಂಗ್ಯಾನಿಂದ ಬಂದೇವಿ ಅಂತಿ, ಹೌದಲ್ಲ?" ಎಂದು ಒಮ್ಮೆ ನನ್ನ ಮುಖ ನೋಡಿ ಒಪ್ಪಿಬಿಡುತ್ತಾಳೆ. ಬೇರೆ ಪುರಾವೆ ಕೇಳುವುದಿಲ್ಲ. ಹಾಗಲ್ಲವ್ವ, ಮಂಗನಿಗೂ ನಮಗೂ ಬಹಳ ಹಿಂದೆ ಒಬ್ಬನೇ ಮುತ್ತಜ್ಜ ಇದ್ದ, ಆ ಪ್ರಕಾರ ಮಂಗ ನಮ್ಮ ದಾಯಾದಿ ಎಂದು ನಾನು ತಿದ್ದುತ್ತೇನೆ. ದಾಯಾದಿ ಎಂದ ಕೂಡಲೇ ಅಪ್ಪನಿಗೆ ಹೊಲದ ಬದುವಿನ ತಕರಾರು ನೆನಪಾಗುತ್ತದೆ. ಅಲ್ಲಿಗೆ ವಿಜ್ಞಾನ ಮುಗಿಯುತ್ತದೆ.

ತಪ್ಪು ನನ್ನದೇ. ಕಾಲೇಜಿನ ಮೂರು ವರ್ಷ ನಾನು ಚರ್ಚಾಸ್ಪರ್ಧೆಯಲ್ಲಿ ಕಳೆದವನು. ಬೆಳಿಗ್ಗೆ ವಿಷಯದ ಪರ, ಮಧ್ಯಾಹ್ನ ಅದೇ ವಿಷಯದ ವಿರುದ್ಧ, ಎರಡು ಹೊತ್ತೂ ಅದೇ ಸಿಟ್ಟಿನಿಂದ ಮಾತಾಡಿ ಮನೆಗೆ ಸ್ಟೀಲಿನ ತಾಟು ಲೋಟ ಗೆದ್ದು ತಂದವನು. ಜೊತೆಗೆ ಪ್ರಾಣಿಶಾಸ್ತ್ರ ಓದಿದ್ದು ಸೇರಿ, ಮನುಷ್ಯರನ್ನು ಮನುಷ್ಯರಂತೆ ನೋಡುವ ಅಭ್ಯಾಸವೇ ತಪ್ಪಿಹೋಗಿದೆ. ರೋಣದ ಬಸ್ ಸ್ಟ್ಯಾಂಡಿನ ನಾಯಿ ಮಲಗುವ ಮೊದಲು ಮೂರು ಸುತ್ತು ತಿರುಗುವುದನ್ನು ಕಂಡರೆ, ಮಲಗುವ ಮುಂಚೆ ಹಾಸಿಗೆಯನ್ನು ಮೂರು ಸಲ ಝಾಡಿಸುವ ಅಪ್ಪ ನೆನಪಾಗುತ್ತಾನೆ. ಅಕ್ಕನ ಲಗ್ನದ ಮಾತುಕತೆಗೆ ನರಗುಂದದ ಬೀಗರು ಬಂದಾಗ ಎರಡೂ ಕಡೆಯ ಹಿರಿಯರು ಅರ್ಧ ತಾಸು ತಂತಮ್ಮ ಟ್ರ್ಯಾಕ್ಟರಿನ ಬಗ್ಗೆಯೇ ಮಾತಾಡಿದರು. ನನ್ನ ಕಣ್ಣಿಗೆ ಕಂಡದ್ದು ಒಂದಕ್ಕೊಂದು ಪಕ್ಕೆ ತೋರಿಸಿ ನಿಂತ ಎರಡು ಹೋರಿಗಳು. ಅದನ್ನು ಅಲ್ಲೇ ಹೇಳುವವನಿದ್ದೆ. ಅಕ್ಕ ಬಾಗಿಲ ಮರೆಯಿಂದ ಕಣ್ಣು ಬಿಟ್ಟಳು, ನುಂಗಿಕೊಂಡೆ.

ಅಂಥವನ ಕೈಗೆ ಲಗ್ನಪತ್ರಿಕೆ ಕೊಟ್ಟು ಊರೂರಿಗೆ ಕಳಿಸಬಾರದಿತ್ತು. ಆದರೆ ಮನೆಯಲ್ಲಿ ಗಾಡಿ ಹೊಡೆಯುವವನು, ಕೆಲಸವಿಲ್ಲದವನು ನಾನೊಬ್ಬನೇ. ಸವಡಿ, ಜಕ್ಕಲಿ ಮುಗಿಸಿ ಮಧ್ಯಾಹ್ನದ ಊಟಕ್ಕೆ ಸೂಡಿಯ ಅತ್ತಿಯ ಮನೆ ಮುಟ್ಟಬೇಕೆಂದು ಅಪ್ಪನ ಅಪ್ಪಣೆ. ಅತ್ತಿ ಎಂದರೆ ಅಪ್ಪನ ಅಕ್ಕ. ನಮ್ಮಕ್ಕ ಏಳನೇ ಇಯತ್ತೆಯವರೆಗೆ ಬೆಳೆದದ್ದು ಅವರ ಮನೆಯಲ್ಲೇ. ಅಕ್ಕನಿಗೆ ಮೊದಲ ಅರಿಷಿಣ ಹಚ್ಚಬೇಕಾದವರೂ ಅವರೇ.

ಪತ್ರಿಕೆ ಹಂಚಿದವರಿಗೆ ಗೊತ್ತು, ಅದು ಹೊಟ್ಟೆಯ ಮೇಲೆ ನಡೆಯುವ ದಂಡಯಾತ್ರೆ. ಪತ್ರಿಕೆಗೆ ಕುಂಕುಮ ಹಚ್ಚಿ ಕೈಗಿಡುವುದರೊಳಗೆ ಒಳಗೆ ಒಗ್ಗರಣೆ ಸಿಡಿದಿರುತ್ತದೆ. ಸವಡಿಯಲ್ಲಿ ಎರಡು ಮನೆಯ ಅವಲಕ್ಕಿ, ಜಕ್ಕಲಿಯಲ್ಲಿ ಒಂದು ಮನೆಯ ಚುರುಮುರಿ ಸುಸಲಾ, ಪಕ್ಕದ ಮನೆಯ ಮಿರ್ಚಿ, ಅದರ ಪಕ್ಕದ ಮನೆಯವರು ತಮಗೆ ತಡವಾಗಿ ಗೊತ್ತಾಯಿತೆಂದು ಪ್ರಾಯಶ್ಚಿತ್ತಕ್ಕೆ ಮಾಡಿದ ಉಪ್ಪಿಟ್ಟು. ಅರ್ಧ ಕಪ್ ಚಹಾ ಸಾಕೆಂದರೆ ನಮ್ಮ ಕಡೆ ಅದಕ್ಕೆ ಪೂರ್ತಿ ಕಪ್ ಎಂದೇ ಅರ್ಥ. ಹಾಕುವವರು ಬೇಕೆಂದೇ ಮುಖ ಆ ಕಡೆ ತಿರುಗಿಸಿ ಹಾಕುತ್ತಾರೆ. ಸೂಡಿ ಮುಟ್ಟಿದಾಗ ಮೂರು ಗಂಟೆ. ಗಾಡಿಯ ಮೇಲೆ ಬಗ್ಗಿ ಕೂರಲು ಆಗುತ್ತಿರಲಿಲ್ಲ, ಸೆಟೆದು ಕೂತು ಬಂದಿದ್ದೆ.

ಅತ್ತಿ ಸೇಂಗಾದ ಹೋಳಿಗೆ ಮಾಡಿ ದೊಡ್ಡ ಡಬ್ಬಿಯಲ್ಲಿ ತುಂಬಿಟ್ಟಿದ್ದರು. ಕೈಕಾಲು ತೊಳೆಯುವುದರೊಳಗೆ ತಾಟು ಬಂತು. ಹೇಗೋ ಎರಡು ಇಳಿಸಿದೆ. ಮೂರನೆಯದು ಹಿಡಿದು ಅತ್ತಿ ಬಗ್ಗಿದರು. ನಾನು ತಾಟಿನ ಮೇಲೆ ಕೈ ಅಡ್ಡ ಹಿಡಿದೆ. ಅವರು ಕೈಯ ಬಲಗಡೆಯಿಂದ ಬಂದರು, ನಾನು ಬಲಕ್ಕೆ ಸರಿಸಿದೆ. ಎಡಗಡೆಯಿಂದ ಬಂದರು. ಕೊನೆಗೆ ನನ್ನ ಬಾಯಿ ತೆರೆಯಿತು. ತಿನ್ನಲಿಕ್ಕಲ್ಲ.

ಅರಬ್ ದೇಶದ ಮರಳುಗಾಡಿನಲ್ಲಿ ನಮ್ಮ ಹರಟೆಮಲ್ಲ ಹಕ್ಕಿಯ ದೂರದ ಸಂಬಂಧಿಯೊಂದಿದೆ, ಗುಂಪಾಗಿ ಬದುಕುತ್ತದೆ ಎಂದು ಶುರು ಮಾಡಿದೆ. ಆ ಗುಂಪಿನಲ್ಲಿ ಮೇಲಿನ ಹಕ್ಕಿ ಕೆಳಗಿನ ಹಕ್ಕಿಯ ಬಾಯಿಗೆ ಹುಳ ತುರುಕುತ್ತದೆ. ನೋಡಿದವರಿಗೆ ಎಂಥ ಪ್ರೀತಿ ಅನಿಸುತ್ತದೆ. ಪ್ರೀತಿಯಲ್ಲ, ನಾನು ಮೇಲೆ, ನೀನು ಕೆಳಗೆ ಎಂದು ನಾಲ್ಕು ಹಕ್ಕಿಗಳ ಮುಂದೆ ತೋರಿಸುವ ರೀತಿ ಅದು. ಕೆಳಗಿನದು ಮೇಲಿನದಕ್ಕೆ ತಿನಿಸಲು ಹೋದರೆ ಕುಕ್ಕಿಸಿಕೊಳ್ಳುತ್ತದೆ. (ಈ ವಾದವನ್ನು ಒಪ್ಪದ ಪಂಡಿತರೂ ಇದ್ದಾರೆ. ಸ್ಪರ್ಧೆಯಲ್ಲಿ ಅವರನ್ನು ಎದುರಾಳಿಯೇ ಹುಡುಕಿಕೊಳ್ಳಬೇಕು.) ಮುಗಿಸುವಾಗ ರೂಢಿಯಂತೆ ಬೆರಳೆತ್ತಿ ಹೇಳಿದೆ, "ಹಂಗ ಅತ್ತಿ, ಈ ಹೋಳಿಗಿ ನನ್ನ ಹಸಿವಿಗೆ ಅಲ್ಲರಿ. ನಿಮ್ಮ ದೊಡ್ಡಸ್ತನಕ್ಕ."

ಚಪ್ಪಾಳೆಗೆ ಬಿಡುವಷ್ಟು ಹೊತ್ತು ಬಿಟ್ಟೆ. ಕಂಬಕ್ಕೆ ಒರಗಿ ಅಡಕೆ ಕತ್ತರಿಸುತ್ತಿದ್ದ ಅತ್ತಿಯ ಗಂಡ, ನಮ್ಮ ಮಾಮಾ, ಅಡಕೊತ್ತು ನಿಲ್ಲಿಸಿದರು. ಅತ್ತಿ ಹೋಳಿಗೆಯನ್ನು ಮರಳಿ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದರು. ನಾನು ಮನೆಯಲ್ಲಿ ಕೂತಿರುವಾಗ ಅವರು ಡಬ್ಬಿ ಮುಚ್ಚಿದ್ದನ್ನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಪತ್ರಿಕೆ ಚಾಚಿದೆ. ದೇವರ ಜಗಲಿಯ ಮೇಲೆ ಇಡಬೇಕಾದದ್ದನ್ನು ಅವರು ಮುಟ್ಟಲೂ ಇಲ್ಲ.

"ಅಲ್ಲೇ ಕಿಡಕ್ಯಾಗ ಇಡು. ಬರಾಕ ಆಗತೈತೋ ಇಲ್ಲೋ. ಕಡ್ಲಿ ರಾಶಿ ಐತಿ."

ಕಡಲೆ ರಾಶಿ ಮುಗಿದು ಚೀಲಗಳು ನನ್ನ ಬೆನ್ನ ಹಿಂದೆಯೇ ನಿಂತಿದ್ದವು. ಮಾಮಾ ತೊಲೆ ನೋಡುತ್ತ ಕೂತರು. ಪತ್ರಿಕೆ ಕಿಟಕಿಯಲ್ಲಿ ಕರೆಂಟ್ ಬಿಲ್ಲಿನ ಮೇಲೆ ಕೂತಿತು.

ಅಷ್ಟರಲ್ಲಿ ಅಕ್ಕನ ಫೋನು. ಅಂಗಳಕ್ಕೆ ಬಂದು ಎತ್ತಿದೆ. ಅತ್ತಿ ಯಾವಾಗ ಬರುತ್ತಾರಂತೆ ಎಂದು ಕೇಳಿದಳು. ನಾನು ಬಿಸಿಲಿನ ಬಗ್ಗೆ ಏನೋ ಹೇಳಿದೆ. ಆಕೆಗೆ ಬಿಸಿಲು ಬೇಕಿರಲಿಲ್ಲ.

"ನೀ ಅಲ್ಲಿ ಮಾತಾಡಿದಿ, ಹೌದಲ್ಲ?"

"ಸ್ವಲ್ಪ."

"ಅತ್ತಿ ಬರಲಿಲ್ಲಂದ್ರ ನಾ ಅರಿಷಿಣಕ್ಕ ಕುಂದ್ರೂದಿಲ್ಲ. ನೀನ ಹಚಗೊಂಡು ಕುಂದ್ರು."

ತಮಾಷೆಯ ಮಾತು. ಆದರೆ ಕೊನೆಯಲ್ಲಿ ದನಿ ನಡುಗಿತು. ಅಕ್ಕ ಹಠ ಹಿಡಿದರೆ ಬಿಡುವವಳಲ್ಲ. ಅತ್ತಿಯೂ ಅಷ್ಟೇ, ಬೆಳೆಸಿದವರು ಅವರೇ ಅಲ್ಲವೇ. ಮದುವೆಗೆ ಉಳಿದದ್ದು ಹತ್ತು ದಿನ. ಜಗಳವಾಡಿದ ಚಿಂಪಾಂಜಿ ಆಮೇಲೆ ಕೈ ಚಾಚಿ ರಾಜಿಗೆ ಬರುತ್ತದಂತೆ. ನಾನು ಮಾತ್ರ ಅಂಗಳದಲ್ಲಿ ನಿಂತು ಕ್ಷಮೆ ಕೇಳುವ ಭಾಷಣಕ್ಕೆ ಮೂರು ಅಂಶ ಜೋಡಿಸುತ್ತಿದ್ದೆ.

ಒಳಗೆ ಹೋದಾಗ ಅತ್ತಿ ಒಲೆಯ ಮುಂದೆ ಗೋಡೆಗೆ ಆತು ಕೂತಿದ್ದರು. ಮೊದಲನೆಯ ಅಂಶವಾಗಿ, ಹಕ್ಕಿಯ ಮಾತು ಎಲ್ಲರಿಗೂ ಸಮನಾಗಿ ಅನ್ವಯಿಸುತ್ತದೆ, ನಿಮಗೊಬ್ಬರಿಗೇ ಅಂದದ್ದಲ್ಲ ಎಂದೆ. ಅವರು ತಲೆ ಎತ್ತದೆ ಕೇಳಿದರು.

"ನಿನ್ನ ದೊಡ್ಡ ಹಕ್ಕಿ ಹುಳ ಕೊಡೂಮುಂದ ತಾ ಉಂಡಿರತೈತೇನು?"

ಇದು ನನಗೆ ಗೊತ್ತಿರಲಿಲ್ಲ. ಯಾರಾದರೂ ಬರೆದದ್ದನ್ನು ಓದಿದ ನೆನಪೂ ಇಲ್ಲ. "ಉಂಡಿರಬೇಕ್ರಿ," ಎಂದೆ.

"ನಾ ಇನ್ನೂ ಉಂಡಿಲ್ಲ. ಹಾದಿ ನೋಡಾಕತ್ತೀನಿ ಹನ್ನೆರಡಕ್ಕ ಬರ್ತಿ ಅಂತ."

ಚರ್ಚೆಯಲ್ಲಿ ಎದುರಾಳಿಯ ಪುರಾವೆಯನ್ನು ಅಲ್ಲಗಳೆಯಲು ಹತ್ತಾರು ದಾರಿ ಕಲಿತಿದ್ದೇನೆ. ತನ್ನ ಖಾಲಿ ಹೊಟ್ಟೆಯನ್ನೇ ಪುರಾವೆಯಾಗಿ ತಂದು ಎದುರಿಗೆ ಕೂತವರಿಗೆ ಏನು ಹೇಳಬೇಕೆಂದು ಯಾರೂ ಕಲಿಸಿರಲಿಲ್ಲ. ಉಳಿದ ಎರಡು ಅಂಶ ಮರೆತೇಹೋದವು. ನಾನೇ ತಾಟು ತೊಳೆದು ತಂದೆ, ಡಬ್ಬಿ ತೆರೆದೆ, ಒಂದು ಹೋಳಿಗೆ ಹಾಕಿ ತುಪ್ಪ ಬಿಟ್ಟು ಅವರ ಮುಂದಿಟ್ಟೆ. ಅದು ಕೆಳಗಿನ ಹಕ್ಕಿ ಮೇಲಿನ ಹಕ್ಕಿಗೆ ತಿನಿಸುವ ಕೆಲಸ ಎಂಬುದು ಆಗ ಹೊಳೆಯಿತು. ಕುಕ್ಕಿಸಿಕೊಳ್ಳಲು ತಯಾರಾಗಿ ನಿಂತೆ. ಅತ್ತಿ ಹೋಳಿಗೆ ಮುರಿದು ತುಪ್ಪಕ್ಕೆ ಅದ್ದಿ ಉಂಡರು. ಎರಡನೆಯದು ಹಿಡಿದಾಗ ತಾಟಿನ ಮೇಲೆ ಕೈ ಇಟ್ಟು ಒಲ್ಲೆ ಎಂದರು. ಇನ್ನೊಬ್ಬರ ನಿರಾಕರಣೆಯನ್ನು ಗೌರವಿಸಬೇಕು ಎಂದು ವೇದಿಕೆಯ ಮೇಲೆ ಎಷ್ಟು ಸಲ ಗುಡುಗಿದ್ದೇನೋ. ಗೌರವಿಸಿ ಹೋಳಿಗೆಯನ್ನು ಡಬ್ಬಿಗೆ ಹಾಕಿದೆ.

ಅತ್ತಿ ಗಂಡನ ಕಡೆ ತಿರುಗಿದರು. "ನೋಡ್ರಿ, ಒಲ್ಲೆ ಅಂದ್ಕೂಡ್ಲೆ ತಗದಬಿಟ್ಟ. ಮದುವಿ ಮನ್ಯಾಗ ಇಂವ ಬಡಸಾಕ ನಿಂತ್ರ ಬೀಗರು ಉಪವಾಸ ಹೊಕ್ಕಾರ."

ಮಾಮಾ ಅಡಕೊತ್ತು ಕೆಳಗಿಟ್ಟರು. "ಅದಕ್ಕ ನೀ ಎರಡ ದಿನ ಮೊದಲ ಹೋಗ್ಬೇಕು."

"ಹೋಗಲಾರದ ಏನ್ ಮಾಡ್ಲಿ? ಆ ಹುಡುಗಿ ಕಣ್ಣೀರ ಹಾಕತಾಳ. ಪತ್ರಿಕಿ ತಗದು ಜಗಲಿ ಮ್ಯಾಲ ಇಡ್ರಿ, ಬಿಲ್ಲಿನ ಜೋಡಿ ಇಟ್ಟಾನ ಶಾಣ್ಯಾ."

ಕಿಟಕಿಯಲ್ಲಿ ಇಡಲು ಹೇಳಿದವರು ಅವರೇ ಎಂದು ವಾದಿಸಬಹುದಿತ್ತು. ಜೀವನದಲ್ಲಿ ಮೊದಲ ಸಲ ವಾದಿಸಲಿಲ್ಲ. ಬದಲಿಗೆ ಹೋಳಿಗೆ ಹಿಡಿದು ಬಗ್ಗಿದೆ. ಅವರ ಕೈ ಬಲಕ್ಕೆ ಹೋಯಿತು, ನಾನು ಎಡದಿಂದ ಜಾರಿಸಿದೆ. ಒಲ್ಲೆ ಒಲ್ಲೆ ಎನ್ನುತ್ತಲೇ ಉಂಡರು. ಖರೇ ಹೇಳುತ್ತೇನೆ, ಮೂರನೆಯದು ಹಾಕುವಾಗ ನನ್ನ ಎದೆ ಒಂದು ಗೇಣು ಉಬ್ಬಿತ್ತು. ಮಾಮಾ ನೋಡುತ್ತಿದ್ದಾರೋ ಇಲ್ಲವೋ ಎಂದು ಓರೆಗಣ್ಣಿನಿಂದ ಖಾತ್ರಿ ಮಾಡಿಕೊಂಡೆ. ಸಿದ್ಧಾಂತ ಪೂರ್ತಿ ಸುಳ್ಳಲ್ಲ, ಅತ್ತಿಯ ಮೇಲೆ ಹಚ್ಚಿದ್ದಷ್ಟೇ ತಪ್ಪು.

ಉಂಡು ಕೈ ತೊಳೆದು ಅತ್ತಿ ಡಬ್ಬಿಯನ್ನು ತಮ್ಮ ಕಡೆ ಎಳೆದುಕೊಂಡು, ಈಗ ನಿಂದು ಎಂದರು. ಹೊಟ್ಟೆಯಲ್ಲಿ ಸವಡಿ, ಜಕ್ಕಲಿ ಎರಡೂ ಇನ್ನೂ ಹಾಗೇ ಕೂತಿದ್ದವು. ಒಲ್ಲೆ ಎಂದೆ, ಗಟ್ಟಿಯಾಗಿಯೇ ಎಂದೆ, ಕೈಯನ್ನೂ ತಾಟಿನ ಮೇಲೆ ಇಟ್ಟೆ. ಬೆರಳುಗಳ ನಡುವೆ ಒಂದು ಹೋಳಿಗೆ ಹಾಯುವಷ್ಟು ಸಂದಿ ಮಾತ್ರ ನಾನೇ ಬಿಟ್ಟಿದ್ದೆ.